ಬಂಕಾಪುರದ ಕಂದಕ ನವಿಲಿಗೆ ಯಾಕೆ ಇಷ್ಟ?

ಕಾಡಲ್ಲಿ ನಡೀಬೇಕು ಅಂದ್ರೆ ಘಟ್ಟಕ್ಕೇ ಹೋಗ್ಬೇಕಾ?
ಶಿಗ್ಗಾವಿ ತಾಲ್ಲೂಕಿನ ಬಂಕಾಪುರಕ್ಕೆ ಬನ್ನಿ.

ಇಲ್ಲಿ ಬೆಟ್ಟ ಇಲ್ಲ.
ಹಳೇ ಕೋಟೆ ಇದೆ, ಸುತ್ತ ಆಳದ ಕಂದಕ.
2006ರಲ್ಲಿ ಇದು ನವಿಲುಧಾಮ ಆಯ್ತು.
ಸುಮಾರು 139 ಎಕರೆ, ಅಷ್ಟೇ.

ಆದ್ರೆ ನವಿಲು ಇಲ್ಲೇ ಯಾಕೆ?

ಕೋಟೆ ಒಳಗೆ ಖಿಲಾರಿ ದನಗಳ ತಳಿ ಕೇಂದ್ರ ಇದೆ.
ದನಕ್ಕೆ ಅಂತ ಮೇವು ಬೆಳೀತಾರೆ.
ಆ ಹೊಲದ ಕಾಳು, ಹುಳ...
ನವಿಲಿಗೆ ಭರ್ಜರಿ ಊಟ!

ಇನ್ನು ಕಂದಕ.
ತುಂಬಾ ಮುಳ್ಳುಕಂಟಿ, ಜಾಲಿ.
ಯಾರೂ ಸುಲಭಕ್ಕೆ ಇಳಿಯಲ್ಲ.
ಶತ್ರು ಸೈನ್ಯ ತಡೆಯೋಕೆ ತೋಡಿದ್ದು,
ಈಗ ಹೆಣ್ಣು ನವಿಲಿಗೆ
ಬಾಣಂತನದ ತವರುಮನೆ ಇದ್ದ ಹಾಗೆ.

ಯಾಕಂದ್ರೆ ನವಿಲು ಮೊಟ್ಟೆ ಇಡೋದು
ಸಾಮಾನ್ಯವಾಗಿ ಮರದ ಮೇಲಲ್ಲ.
ನೆಲದಲ್ಲಿ, ಪೊದೆ ಮರೆಯಲ್ಲಿ.
ಅದೂ ಮಳೆಗಾಲದಲ್ಲಿ.
ಹಾಗಾಗಿ ಕಾಲುದಾರಿ ಬಿಟ್ಟು ಪೊದೆಗೆ ನುಗ್ಗಬೇಡಿ.
ಡ್ರೋನ್ ಅಂತೂ ಬೇಡವೇ ಬೇಡ ಮಾರಾಯ್ರೇ.

ಬೆಳಗ್ಗೆ ಬೇಗ ಬನ್ನಿ.
ರಾತ್ರಿ ಎತ್ತರದ ಮರದಲ್ಲಿ ಮಲಗಿದ ನವಿಲು
ಆಗಲೇ ಮೇಯೋಕೆ ಕೆಳಗಿಳಿಯೋದು.
ಒಳಗೆ ಯಾವಾಗ ಬಿಡ್ತಾರೆ,
ಮೊದಲೇ ವಿಚಾರಿಸ್ಕೊಳ್ಳಿ.

ಕುಣಿತ ನೋಡ್ಬೇಕಾ?
ಮಳೆ ಶುರುವಾದಾಗ ಬನ್ನಿ.
ಮಳೆಗಾಲ ಮುಗಿಯೋ ಹೊತ್ತಿಗೆ
ಗಂಡು ನವಿಲಿನ ಉದ್ದ ಗರಿ ಉದುರಿರುತ್ತೆ.
ದೀಪಾವಳಿ ರಜೆಗೆ ಬಂದು
ಗರಿ ಎಲ್ರೀ ಅಂತ ಜಗಳ ತೆಗೀಬೇಡಿ!

ಹಾಂ, ಕೋಟೆಯೊಳಗೇ ನಗರೇಶ್ವರ ಗುಡಿ ಇದೆ.
ಊರವರ ಬಾಯಲ್ಲಿ ಅರವತ್ತು ಕಂಬದ ಗುಡಿ.
ಚಾಲುಕ್ಯರ ಕಾಲದ್ದು.
ಅದಕ್ಕೇ ಬೇರೆ ವಿಡಿಯೋ ಬೇಕು.

ನಡೆದು ಹಸಿವಾಯ್ತಾ?
ಸವಣೂರು ಹತ್ತಿರಾನೇ.
ಅಲ್ಲಿನ ಖಾರಕ್ಕೆ ಚುರುಮುರಿ ಸೇರಿಸಿ ತಿನ್ನಿ.