ಕಲ್ಲುಹೂವೂ ಆಮ್ಲವೃಷ್ಟಿಯೂ

ಮಸಾಲೆಯ ಪುಡಿಗೆ ಹುರಿದು ಹಾಕುವ ಕಲ್ಲುಹೂವನ್ನು ಕಾಣದ ಗೃಹಸ್ಥರು ವಿರಳ. ಅಮರಕೋಶವು ಅಶ್ಮಪುಷ್ಪವೆಂದು ಕರೆಯುವ ಈ ವಸ್ತುವು ಹೂವೂ ಅಲ್ಲ, ಒಂದೇ ಸಸ್ಯವೂ ಅಲ್ಲ. ಶಿಲೀಂಧ್ರವೂ ಪಾಚಿಯೂ ಕೂಡಿ ನಡೆಸುವ ಸಂಸಾರವಿದೆಂದು ಸ್ವಿಟ್ಜರ್ಲೆಂಡಿನ ಶ್ವೆಂಡೆನರನು 1867ರಲ್ಲಿ ಸಾರಿದಾಗ ಅಂದಿನ ಪಂಡಿತರನೇಕರು ಒಪ್ಪಲಿಲ್ಲ.

ಕೆಲವು ಜಾತಿಯ ಕಲ್ಲುಹೂಗಳಲ್ಲಿ ನಾಸ್ಟಾಕ್ ಎಂಬ ನೀಲಿಹಸುರು ಸೂಕ್ಷ್ಮಜೀವಿಯೂ ನೆಲಸಿರುತ್ತದೆ. ನಮ್ಮ ಅಡಿಗೆಮನೆಯದು ಈ ಗುಂಪಿಗೆ ಸೇರಿದುದಲ್ಲ. ಗಾಳಿಯ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಸಾರಜನಕವೇ ಆಗಿದ್ದರೂ ಗಿಡಮರಗಳು ಅದನ್ನು ನೇರವಾಗಿ ಉಣ್ಣಲಾರವು. ಕಡಲ ನಡುವೆ ಬಾಯಾರಿದವನ ಪಾಡು ಅವುಗಳದು. ನಾಸ್ಟಾಕಾದರೋ ಅದನ್ನು ಹಿಡಿದು ಅಮೋನಿಯವಾಗಿ ಮಾರ್ಪಡಿಸಬಲ್ಲುದು. ಅಮೆರಿಕದ ಪಶ್ಚಿಮ ಕರಾವಳಿಯ ಪುರಾತನ ಡಗ್ಲಸ್ ಫರ್ ಮರಗಳ ಮೇಲೆ ಬೆಳೆಯುವ ಲೊಬೇರಿಯವೆಂಬ ಕಲ್ಲುಹೂವು ಉದುರಿ ಕೊಳೆತಾಗ, ಹೀಗೆ ಗಳಿಸಿದ ಸಾರಜನಕವು ಕಾಡಿನ ನೆಲಕ್ಕೆ ಗೊಬ್ಬರವಾಗುತ್ತದೆ. ಆಳಿಲ್ಲ, ಕೂಲಿಯಿಲ್ಲ.

ಈ ಗಳಿಕೆಗೆ ಕುತ್ತು ತರುವುದು ಆಮ್ಲವೃಷ್ಟಿ. (ಆಮ್ಲಮಳೆಯೆಂಬ ಅರಿಸಮಾಸವು ನಮ್ಮ ಕಿವಿಗೆ ಹಿಡಿಸದು.) ಕಲ್ಲಿದ್ದಲು ಉರಿದಾಗ ಏಳುವ ಗಂಧಕದ ಅನಿಲವು ಮೋಡದ ನೀರಿನಲ್ಲಿ ಬೆರೆತು ಗಂಧಕಾಮ್ಲವಾಗುತ್ತದೆ. ಮ್ಯಾಂಚೆಸ್ಟರಿನ ಮಳೆಯನ್ನು ಪರೀಕ್ಷಿಸಿದ್ದ ರಸಾಯನಜ್ಞ ರಾಬರ್ಟ್ ಆಂಗಸ್ ಸ್ಮಿತ್ತನು 1872ರ ತನ್ನ ಗ್ರಂಥದಲ್ಲಿಯೇ ಇದನ್ನು ವಿವರಿಸಿದ್ದಾನೆ. ನಿರ್ಮಲವಾದ ಮಳೆನೀರಿನ ಪಿಎಚ್ ಅಂಕವು ಸುಮಾರು 5.6, ಅಂಕ ಇಳಿದಂತೆ ಹುಳಿ ಏರುತ್ತದೆ. ಅದು 4ಕ್ಕೆ ಇಳಿದರೆ ಹುಳಿಯು ಸುಮಾರು 40 ಮಡಿಯಾಯಿತೆಂದೇ ತಿಳಿಯತಕ್ಕದ್ದು.

ಎಲೆಗಳಿಗೆ ಮೇಣದ ಲೇಪವುಂಟು. ಕಲ್ಲುಹೂವಿಗೆ ಲೇಪವೂ ಇಲ್ಲ, ನೀರೆಳೆಯುವ ಬೇರೂ ಇಲ್ಲ. ಬಿದ್ದ ಮಳೆಯನ್ನು ಮೈಯೆಲ್ಲ ಬಾಯಾಗಿ ಹೀರುತ್ತದೆ. ಹೀರಿದ ಆಮ್ಲವು ಸಾರಜನಕವನ್ನು ಹಿಡಿಯುವ ಕಿಣ್ವದ ಕೆಲಸವನ್ನು ಕುಂದಿಸುತ್ತದೆ. ಈ ಕೆಲಸಕ್ಕೆ ವಿಪುಲವಾದ ಶಕ್ತಿ ಬೇಕಾದುದರಿಂದ, ಜೀವಿಯು ಸೊರಗಿದೊಡನೆ ಮೊದಲು ತಗ್ಗುವುದು ಇದೇ. ಮೈಬಣ್ಣ ಕೆಟ್ಟಿರುವುದಿಲ್ಲ, ನೋಡಿದವರಿಗೆ ಸೊಂಪಾಗಿಯೇ ಇದೆ. ಆದರೆ ಸಂಪಾದನೆ ನಿಂತಿರುತ್ತದೆ. ವಾಚಕರು ಇಂಥ ಮನೆಗಳನ್ನೂ ಕಂಡಿರಬಹುದು.

ಲೊಬೇರಿಯದ ಇನ್ನೊಂದು ಜಾತಿಯು ಶ್ವಾಸಕೋಶವನ್ನು ಹೋಲುವುದೆಂಬ ಕಾರಣದಿಂದ ಹಿಂದೆ ಯೂರೋಪಿನಲ್ಲಿ ಎದೆಯ ರೋಗಕ್ಕೆ ಮದ್ದೆನಿಸಿತ್ತು. ಹೊಗೆಯ ಶತಮಾನದಲ್ಲಿ ಅದು ಅಲ್ಲಿನ ಅನೇಕ ಪ್ರದೇಶಗಳಿಂದ ಮರೆಯಾಯಿತು. ಇಂಗ್ಲೆಂಡಿನಲ್ಲಿ ಮಳೆಯು ಮರದ ತೊಗಟೆಯನ್ನೂ ಹುಳಿಯಾಗಿಸಿದಾಗ, ಹುಳಿಯನ್ನು ತಡೆಯಬಲ್ಲ ಆಷ್ ಮರಗಳಂಥವುಗಳ ಮೇಲೆ ಹೆಚ್ಚಾಗಿ ಉಳಿಯಿತು. 1956ರ ಶುದ್ಧವಾಯು ಶಾಸನದ ಬಳಿಕ, ಅದಕ್ಕಿಂತಲೂ 1970ರ ಅನಂತರ, ಬ್ರಿಟನ್ನಿನಲ್ಲಿ ಗಂಧಕದ ಅನಿಲವು ಬಹಳ ತಗ್ಗಿದೆ. ಲಂಡನ್ ನಗರಕ್ಕೂ ಹಲವು ಕಲ್ಲುಹೂಗಳು ಮರಳಿವೆ. ಲೊಬೇರಿಯದ ಬರವು ಮಾತ್ರ ಬಲು ನಿಧಾನ. ಅದರ ವಂಶವನ್ನು ಹೊತ್ತ ಕಣಗಳು ಬಹುಮಟ್ಟಿಗೆ ತಾಯಿಯ ಸಮೀಪದಲ್ಲಿಯೇ ಬೀಳುವುವು. ಹತ್ತಿರದಲ್ಲಿ ಹಳೆಯ ಮರವೊಂದು ಇದ್ದರೆ ಉಂಟು.