ಬೀಜ ಸತ್ತಿದೆಯೋ, ಮಲಗಿದೆಯೋ?

ಎಡದಂಡೆ ಕಾಲುವೆಗೆ ನೀರು ಬಿಡುವ ಸುದ್ದಿ ಬಂದೊಡನೆ ಸಿಂಧನೂರು ಭಾಗದಲ್ಲಿ ಸಸಿಮಡಿಯ ಗಡಿಬಿಡಿ ಶುರುವಾಗುತ್ತದೆ. ಅಂಥ ದಿನಗಳಲ್ಲೊಮ್ಮೆ ಆರ್.ಎಚ್. ಕ್ಯಾಂಪಿನ ರೈತರೊಬ್ಬರು ಒಂದು ಹಿಡಿ ಭತ್ತ ತಂದು ನನ್ನ ಮುಂದಿಟ್ಟರು. "ಬೇಸಿಗೆ ಬೆಳೆಯಲ್ಲಿ ನಾನೇ ತೆಗೆದಿಟ್ಟ ಬೀಜ, ಸಾಹೇಬರೆ. ನೂರು ಕಾಳು ನೆನೆಹಾಕಿದರೆ ನಲವತ್ತೂ ಮೊಳೆಯಲಿಲ್ಲ. ಗಿರಣಿಗೆ ಹಾಕಿಬಿಡಲೇ?" ಎಂದರು. ಹಾಕಿದರೆ ಸಾಲ ಮಾಡಿ ಬೇರೆ ಬೀಜ ಕೊಳ್ಳಬೇಕಿತ್ತು.

ಅವಸರ ಬೇಡವೆಂದೆ. ಮೊಳೆಯದ ಬೀಜವೆಲ್ಲ ಸತ್ತ ಬೀಜವಲ್ಲ. ಭತ್ತದ ಕೆಲವು ತಳಿಗಳ ಬೀಜ ಕೊಯ್ಲಿನ ನಂತರ ಕೆಲವು ವಾರ ಸುಪ್ತಾವಸ್ಥೆಯಲ್ಲಿರುತ್ತದೆ. ಮಲಗಿದ್ದು ಯಾವುದು, ಸತ್ತದ್ದು ಯಾವುದು ಎಂಬುದನ್ನು ಬೀಜದೊಳಗಿನ ಕಿಣ್ವಗಳೇ ಹೇಳುತ್ತವೆ.

ಅನ್ನವನ್ನು ಬಹಳ ಹೊತ್ತು ಅಗಿದರೆ ಬಾಯಿ ಸಿಹಿಯಾಗುವುದಷ್ಟೆ? ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಸಕ್ಕರೆ ಮಾಡುತ್ತದೆ. ಮೊಳೆಯುವ ಕಾಳಿನಲ್ಲಿಯೂ ಇದೇ ಕೆಲಸ ನಡೆಯುತ್ತದೆ. ನೀರು ಕುಡಿದ ಅಂಕುರವು ಜಿಬ್ಬರೆಲಿನ್ ಎಂಬ ಚೋದಕದ ಮೂಲಕ ಸೂಚನೆ ಕೊಡುತ್ತದೆ. ಕಾಳಿನ ಹೊರಪದರ ಅಮೈಲೇಸ್ ತಯಾರಿಸುತ್ತದೆ. ಹುಟ್ಟಿದ ಸಕ್ಕರೆ ಎಳೆಯ ಬೇರು, ಕುಡಿಗಳಿಗೆ ಆಹಾರವಾಗುತ್ತದೆ. ಅಮೈಲೇಸ್ ಏರುತ್ತಿದೆಯೆಂದರೆ ಮೊಳಕೆ ಬೆಳೆಯುತ್ತಿದೆಯೆಂದೇ ಅರ್ಥ.

ಮಲಗಿದ ಬೀಜದಲ್ಲಿ ಈ ಕೆಲಸ ಶುರುವಾಗಿರುವುದಿಲ್ಲ. ಆದರೆ ಅಂಕುರದಲ್ಲಿ ಜೀವವಿರುವವರೆಗೆ ಉಸಿರಾಟದ ಡಿಹೈಡ್ರೋಜಿನೇಸ್ ಕಿಣ್ವಗಳು ಇದ್ದೇ ಇರುತ್ತವೆ. ಜರ್ಮನಿಯ ಗೆಯೋರ್ಗ್ ಲಾಕೋನ್ 1940ರ ದಶಕದಲ್ಲಿ ರೂಪಿಸಿದ ಟೆಟ್ರಜೋಲಿಯಂ ಪರೀಕ್ಷೆಗೆ ಇವೇ ಆಧಾರ. ನೆನೆಸಿದ ಕಾಳನ್ನು ಅಂಕುರದ ನಡುವೆ ಸೀಳಿ ಬಣ್ಣವಿಲ್ಲದ ಈ ದ್ರಾವಣದಲ್ಲಿ ಕತ್ತಲೆಯಲ್ಲಿಡುತ್ತಾರೆ. ಜೀವವಿರುವ ಭಾಗ ಕೆಂಪಾಗುತ್ತದೆ. ಸತ್ತ ಭಾಗ ಬಿಳಿಯಾಗಿಯೇ ಉಳಿಯುತ್ತದೆ. ಪ್ರಯೋಗಾಲಯದ ಮೊಳಕೆ ಪರೀಕ್ಷೆಗೆ ಭತ್ತಕ್ಕೆ 14 ದಿನ ಬೇಕು. ಇದಕ್ಕೆ ಒಂದೆರಡು ದಿನ ಸಾಕು.

ಆ ರೈತರ ಬೀಜವನ್ನು ಪರೀಕ್ಷೆಗೆ ಕಳಿಸಿದೆವು. ಹೆಚ್ಚಿನ ಕಾಳುಗಳ ಅಂಕುರ ಕೆಂಪಾಯಿತು. ಚೆನ್ನಾಗಿ ಒಣಗಿಸಿ ಕೆಲವು ವಾರ ಕಾದು ಮತ್ತೆ ನೆನೆಹಾಕಿದಾಗ ಮೊಳಕೆ ನೂರಕ್ಕೆ ಎಂಬತ್ತನ್ನು ದಾಟಿತು.

ರೈತ ಬಾಂಧವರು ಗಮನಿಸಬೇಕಾದ ಮಾತುಗಳಿವು. ಬಿತ್ತನೆಗೆ ತಿಂಗಳ ಮೊದಲೇ 100 ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿ ಮೊಳಕೆ ನೋಡಿರಿ. ಪ್ರಮಾಣಿತ ಭತ್ತದ ಬೀಜಕ್ಕೆ ಶೇ. 80 ಮೊಳಕೆ ಇರಲೇಬೇಕು; ತೇವಾಂಶ ಶೇ. 13 ಮೀರಬಾರದು. ಮೊಳಕೆ ಕಡಿಮೆ ಬಂದರೆ ಬೀಜ ಪರೀಕ್ಷಾ ಪ್ರಯೋಗಾಲಯಕ್ಕೆ ಮಾದರಿ ಕಳಿಸಿರಿ. ಅಂಕುರ ಕೆಂಪಾದರೂ ಕೂಡಲೇ ಬಿತ್ತಬೇಡಿರಿ, ಸುಪ್ತಾವಸ್ಥೆ ಕಳೆಯದಿದ್ದರೆ ಸಸಿಮಡಿ ಏರುಪೇರಾಗುತ್ತದೆ. ಬಿಳಿಯಾಗಿಯೇ ಉಳಿದರೆ ಬೀಜದ ಪ್ರಮಾಣ ಹೆಚ್ಚಿಸಿ ಪ್ರಯೋಜನವಿಲ್ಲ, ಬೀಜವನ್ನೇ ಬದಲಿಸಿರಿ.