ಕಡಿಮೆ ಖರ್ಚಿನಲ್ಲಿ ಪೌಷ್ಟಿಕ ಊಟ



ಸ್ವಸಹಾಯ ಸಂಘಗಳ ಸಭೆಯಲ್ಲಿ ಆರೋಗ್ಯದ ವಿಷಯ ತೆಗೆದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರ್ತದೆ: "ಪೌಷ್ಟಿಕ ಆಹಾರ ತಿನ್ನಿ ಅಂತ ನೀವು ಹೇಳ್ತೀರಿ. ಸೇಬು, ಬಾದಾಮಿ ತರ್ಲಿಕ್ಕೆ ದುಡ್ಡು ಎಲ್ಲುಂಟು?" ಪ್ರಶ್ನೆ ನ್ಯಾಯವಾದದ್ದೇ. ಬೀಡಿ ಕಟ್ಟಿ, ಕೂಲಿಗೆ ಹೋಗಿ, ಸಂಘದ ಸಾಲದ ಕಂತು ಕಟ್ಟಿ, ಮಕ್ಕಳ ಫೀಸು ಕೊಟ್ಟ ಮೇಲೆ ಉಳಿದದ್ದರಲ್ಲಿ ಅಡುಗೆಮನೆ ನಡೆಯಬೇಕು. ಆದರೆ ಪೌಷ್ಟಿಕ ಆಹಾರ ಅಂದ್ರೆ ಸೇಬು, ಬಾದಾಮಿ ಅಂತ ನಮ್ಮ ತಲೆಯಲ್ಲಿ ಕೂತದ್ದು ಹೇಗೆ? ಶಿರ್ತಾಡಿಯಂತಹ ಊರಿನಲ್ಲಿ ಹಿತ್ತಿಲಿಗೆ ಇಳಿದರೆ ಸೊಪ್ಪು ಸಿಗ್ತದೆ, ದಿನಸಿ ಅಂಗಡಿಗೆ ಹೋದರೆ ಹುರುಳಿ, ಹೆಸರು ಸಿಗ್ತದೆ, ಮೀನಿನ ಗಾಡಿ ಬಂದರೆ ಬೂತಾಯಿ ಸಿಗ್ತದೆ. ಕೈಯಲ್ಲಿರುವ ಅಷ್ಟೇ ಹಣವನ್ನು ಯಾವುದಕ್ಕೆ ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂಬುದರ ಬಗ್ಗೆ ಈ ಸಲ ನಾವು ಬರೆಯುತ್ತಿದ್ದೇವೆ.

ಮೊದಲು ವಿಷಯ ಎಷ್ಟು ಗಂಭೀರ ಅಂತ ತಿಳಿಯೋಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇತ್ತು. 5 ವರ್ಷದೊಳಗಿನ ಮಕ್ಕಳಲ್ಲಿ ಇದು ಶೇ. 65.5. ಅಂದರೆ 20 ಮಂದಿ ಸದಸ್ಯೆಯರ ಒಂದು ಸಂಘ ಚಾಪೆ ಹಾಕಿ ಕೂತರೆ ಅದರಲ್ಲಿ 9–10 ಮಂದಿಗೆ ರಕ್ತ ಕಡಿಮೆ ಇರಬಹುದು. ಮೆಟ್ಟಿಲು ಹತ್ತುವಾಗ ಏದುಸಿರು, ತಲೆ ತಿರುಗೋದು, ಯಾವಾಗ ನೋಡಿದರೂ ಸುಸ್ತು – ಇದನ್ನೆಲ್ಲ ನಾವು "ಕೆಲಸ ಜಾಸ್ತಿಯಾಯ್ತು" ಅಂತ ಹೇಳಿ ಬಿಟ್ಟುಬಿಡ್ತೇವೆ. ಗರ್ಭಿಣಿಯರಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ, ಉಳಿದ ಮಹಿಳೆಯರಲ್ಲಿ 12ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿಕೊಳ್ಳಿ. ತೀರಾ ಕಡಿಮೆ ಇದ್ದರೆ ಬರೀ ಸೊಪ್ಪು ತಿಂದರೆ ಸಾಲದು, ಮಾತ್ರೆಯೂ ಬೇಕು.

ನಮ್ಮ ಊಟ ಎಂತದ್ದು?

ಬೆಳಿಗ್ಗೆ ಗಂಜಿ, ಚಟ್ನಿ. ಇಲ್ಲದಿದ್ದರೆ ಚಾ, ಬ್ರೆಡ್ಡು. ಮಧ್ಯಾಹ್ನ ಅನ್ನ, ಒಂದು ಸಾರು. ಸಂಜೆ ಮತ್ತೆ ಚಾ, ಜೊತೆಗೆ ಎರಡು ಬಿಸ್ಕತ್ತು. ರಾತ್ರಿ ಮತ್ತೆ ಅನ್ನ, ಮಧ್ಯಾಹ್ನ ಉಳಿದ ಸಾರು. ಅನೇಕ ಮನೆಗಳಲ್ಲಿ ಇಷ್ಟೇ. ಹೊಟ್ಟೆ ತುಂಬ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂರು ಹೊತ್ತೂ ಅಕ್ಕಿಯೇ ಆಯ್ತು.

ಹಾಗಂತ ಅಕ್ಕಿಯನ್ನು ದೂರುವುದಲ್ಲ. ಕುಚ್ಚಲಕ್ಕಿ ಒಳ್ಳೆಯ ಅಕ್ಕಿ. ಭತ್ತವನ್ನು ಸಿಪ್ಪೆ ಸಮೇತ ಬೇಯಿಸುವಾಗ ಹೊರಗಿನ ತೌಡಿನಲ್ಲಿರುವ ಬಿ ಜೀವಸತ್ವದ ಒಂದು ಪಾಲು ಕಾಳಿನ ಒಳಗೆ ಇಳಿಯುತ್ತದೆ, ಮಿಲ್ಲು ಮಾಡಿದ ಮೇಲೂ ಅದು ಉಳಿಯುತ್ತದೆ. ಬೆಳ್ತಿಗೆಯಲ್ಲಿ ಅದು ತೌಡಿನ ಜೊತೆ ಹೊರಟು ಹೋಗ್ತದೆ. ನಮ್ಮ ಹಿರಿಯರು ಗಂಜಿಯನ್ನು ತೆಳಿ ಸಮೇತ ಉಣ್ಣುತ್ತಿದ್ದರು, ಅದೂ ಒಳ್ಳೆಯದೇ. ಬಸಿದು ಚೆಲ್ಲುವ ತೆಳಿಯಲ್ಲಿ ಸತ್ವ ಹೋಗ್ತದೆ. ಇನ್ನು ರೇಶನಿನಲ್ಲಿ ಬರುವ ಬೆಳ್ತಿಗೆ ಅಕ್ಕಿ ಬಾಯಿಗೆ ಹಿಡಿಸುವುದಿಲ್ಲ ಅಂತ ಕೆಲವರು ಕಡಿಮೆ ಬೆಲೆಗೆ ಕೊಟ್ಟುಬಿಡುವುದುಂಟು. ಅದು ಕಾನೂನಿಗೂ ವಿರುದ್ಧ, ಮನೆಗೂ ನಷ್ಟ. ಅದೇ ಅಕ್ಕಿಯನ್ನು ಉದ್ದಿನ ಜೊತೆ ನೆನೆಹಾಕಿ ದೋಸೆಗೆ, ಇಡ್ಲಿಗೆ, ಹೆಸರಿನ ಜೊತೆ ಪೊಂಗಲಿಗೆ ಬಳಸಬಹುದು. ಅಕ್ಕಿಗೆ ಹೋಗುತ್ತಿದ್ದ ಹಣ ಅಷ್ಟು ಉಳಿಯಿತಲ್ಲ, ಅದನ್ನು ಕಾಳಿಗೆ ಹಾಕಿ.

ಯಾಕೆಂದರೆ ಅಕ್ಕಿಯಲ್ಲಿ ಸಸಾರಜನಕ, ಅಂದರೆ ಪ್ರೋಟೀನ್, 100 ಗ್ರಾಮಿಗೆ 7–8 ಗ್ರಾಂ ಮಾತ್ರ. ಅದರಲ್ಲೂ ದೇಹಕ್ಕೆ ಬೇಕಾದ ಒಂದು ಅಂಶ ಕಡಿಮೆ. ಆ ಅಂಶ ಬೇಳೆಕಾಳಿನಲ್ಲಿ ಧಾರಾಳ ಉಂಟು. ಹಾಗಾಗಿ ಅನ್ನದ ಜೊತೆ ಕಾಳು ಸೇರಿದರೆ ಎರಡರದ್ದೂ ಗುಣ ಹೆಚ್ಚುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ದಿನಕ್ಕೆ ಧಾನ್ಯ ಸುಮಾರು 250 ಗ್ರಾಂ, ಬೇಳೆಕಾಳು ಸುಮಾರು 85 ಗ್ರಾಂ, ತರಕಾರಿ–ಸೊಪ್ಪು 400 ಗ್ರಾಂ, ಹಾಲು 300 ಮಿಲಿ ಲೀಟರ್ ಬೇಕು. ಎಲ್ಲವನ್ನೂ ಒಮ್ಮೆಲೇ ತೂಗಿ ಮಾಡಲಿಕ್ಕೆ ಆಗ್ಲಿಕ್ಕಿಲ್ಲ. ಆದರೆ ಮೂರು ಮುಷ್ಟಿ ಅಕ್ಕಿಗೆ ಒಂದು ಮುಷ್ಟಿ ಕಾಳು ಅಂತ ನೆನಪಿಟ್ಟುಕೊಂಡರೆ ಸಾಕು. ಸಾರಿನ ತಳದಲ್ಲಿ ನಾಲ್ಕು ಬೇಳೆ ಕಾಣುವ ನೀರು ಸಾರು ಈ ಲೆಕ್ಕಕ್ಕೆ ಬರುವುದಿಲ್ಲ.

ಹುರುಳಿಯ ಲೆಕ್ಕ

ತುಳುವಿನಲ್ಲಿ ಕುಡು, ಕೊಂಕಣಿಯಲ್ಲಿ ಕುಳಿತ್ ಎನ್ನುವ ಹುರುಳಿಯನ್ನು ಬಡವರ ಕಾಳು, ಎತ್ತಿಗೆ ಬೇಯಿಸಿ ಹಾಕುವ ಕಾಳು ಅಂತ ಕೆಲವರು ಹಗುರ ಮಾಡ್ತಾರೆ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಉಂಟು. ಕಬ್ಬಿಣದ ಅಂಶವೂ, ಸುಣ್ಣದ ಅಂಶವೂ ಚೆನ್ನಾಗಿದೆ. ಪ್ರೋಟೀನಿನಲ್ಲಿ ತೊಗರಿಬೇಳೆಗೆ ಇದು ಏನೂ ಕಡಿಮೆಯಿಲ್ಲ. ಒಂದು ಕಿಲೋ ತಂದರೆ 220 ಗ್ರಾಂ ಪ್ರೋಟೀನ್ ಮನೆಗೆ ಬಂದ ಹಾಗೆ. ಮೊಟ್ಟೆಯ ಲೆಕ್ಕದಲ್ಲಿ, ಒಂದು ಮೊಟ್ಟೆಗೆ ಸುಮಾರು 6 ಗ್ರಾಂ ಅಂತ ಹಿಡಿದರೆ, 36 ಮೊಟ್ಟೆಯಷ್ಟು. (ಮೊಟ್ಟೆಯ ಪ್ರೋಟೀನ್ ದೇಹಕ್ಕೆ ಇನ್ನೂ ಸುಲಭವಾಗಿ ಹಿಡಿಯುತ್ತದೆ ಎಂಬುದು ಬೇರೆ ಮಾತು.) ನಿಮ್ಮ ಅಂಗಡಿಯಲ್ಲಿ ಇವತ್ತು ಹುರುಳಿಗೆ ಎಷ್ಟು, ತೊಗರಿಗೆ ಎಷ್ಟು, ಮೊಟ್ಟೆಗೆ ಎಷ್ಟು ಅಂತ ಕೇಳಿ ನೀವೇ ಭಾಗಿಸಿ ನೋಡಿ.

ರಾತ್ರಿ ನೆನೆಹಾಕಿ, ಮರುದಿನ ಬಟ್ಟೆಯಲ್ಲಿ ಕಟ್ಟಿಟ್ಟರೆ ಮೊಳಕೆ ಬರ್ತದೆ. ಮೊಳಕೆ ಬಂದ ಕಾಳು ಬೇಗ ಬೇಯುತ್ತದೆ, ಗ್ಯಾಸು ಉಳಿಯುತ್ತದೆ, ಹೊಟ್ಟೆಗೂ ಹಗುರ. ಅದರಲ್ಲಿರುವ ಕಬ್ಬಿಣದ ಅಂಶವೂ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಬೇಯಿಸಿದ ನೀರನ್ನು ಚೆಲ್ಲಬೇಡಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ಅದೇ ಸಾರು, ಕಾಳು ಪಲ್ಯಕ್ಕೆ. ಒಂದೇ ಪಾತ್ರೆಯಲ್ಲಿ ಎರಡು ಪದಾರ್ಥ ಆಯ್ತು. ಹೆಸರು, ಅಲಸಂಡೆ ಕಾಳು, ಕಡಲೆಯನ್ನೂ ಹೀಗೆಯೇ ಸರದಿಯಲ್ಲಿ ಮಾಡಬಹುದು.

ಬೂತಾಯಿಯ ವಿಷಯಕ್ಕೆ ಬಂದರೆ ನಾವು ಕರಾವಳಿಯವರು ಪುಣ್ಯವಂತರು. ಬಲೆಗೆ ಚೆನ್ನಾಗಿ ಬಿದ್ದ ದಿನಗಳಲ್ಲಿ ಅದು ಅಂಜಲಿಗಿಂತ ಎಷ್ಟೋ ಅಗ್ಗ. ಆದರೆ ಪ್ರೋಟೀನಿನಲ್ಲಿ ಹಿಂದೆ ಇಲ್ಲ, ಹೃದಯಕ್ಕೆ ಒಳ್ಳೆಯದಾದ ಎಣ್ಣೆಯ ಅಂಶವಂತೂ ಧಾರಾಳ. ಸಣ್ಣ ಬೂತಾಯಿಯನ್ನು ಮೆತ್ತಗೆ ಬೇಯಿಸಿ ಮುಳ್ಳು ಸಮೇತ ತಿಂದರೆ ಸುಣ್ಣದ ಅಂಶವೂ ಸಿಕ್ಕಿತು. ಎಣ್ಣೆಯಲ್ಲಿ ಮುಳುಗಿಸಿ ಕಾಯಿಸುವುದಕ್ಕಿಂತ ಪುಳಿಮುಂಚಿ ಮಾಡಿ, ಎಣ್ಣೆಯ ಖರ್ಚು ಉಳಿಯಿತು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ, ಆಗ ತಾಜಾ ಮೀನಿನ ದರ ಕೇಳುವ ಹಾಗಿಲ್ಲ. ಆ ಎರಡು ತಿಂಗಳಿಗೆ ಮೊಟ್ಟೆ, ಹುರುಳಿ, ಹಲಸಿನ ಬೀಜ ಇಟ್ಟುಕೊಳ್ಳಿ. ಒಣಮೀನನ್ನು ಮಾತ್ರ ಹಿತಮಿತವಾಗಿ ಬಳಸಿ, ಬಿಪಿ ಇರುವವರಿಗೆ ಅದರ ಉಪ್ಪು ಒಳ್ಳೆಯದಲ್ಲ.

ಹಿತ್ತಿಲು ಕೊಡುವುದು

ಬಚ್ಚಲ ನೀರು ಹೋಗುವ ಕಡೆ ಒಂದು ಬಸಳೆ ಚಪ್ಪರ, ಬೇಲಿ ಬದಿಗೆ ಒಂದು ನುಗ್ಗೆ, ಅಂಗಳದ ಮೂಲೆಯಲ್ಲಿ ಹರಿವೆ, ಒಂದು ಪಪ್ಪಾಯಿ ಗಿಡ. ಇದಕ್ಕೆ ಎಕರೆ ಜಾಗ ಬೇಡ, 5 ಸೆಂಟ್ಸ್ ಜಾಗದವರಿಗೂ ಸಾಧ್ಯ. ನುಗ್ಗೆ ಗೆಲ್ಲನ್ನು ಕಡಿದು ಮಳೆ ಶುರುವಾಗುವ ಹೊತ್ತಿಗೆ ನೆಟ್ಟರೆ ಸಾಕು, ಗೊಬ್ಬರ, ಔಷಧಿಯ ಗೋಜಿಲ್ಲ. 100 ಗ್ರಾಂ ನುಗ್ಗೆ ಸೊಪ್ಪಿನಲ್ಲಿ 300 ಮಿಲಿ ಗ್ರಾಮಿಗಿಂತ ಹೆಚ್ಚು ಸುಣ್ಣದ ಅಂಶ ಉಂಟು, 100 ಮಿಲಿ ಹಾಲಿನಲ್ಲಿ ಇರುವುದು ಸುಮಾರು 120. ಕಣ್ಣಿಗೆ ಬೇಕಾದ ಎ ಜೀವಸತ್ವವೂ ಅದರಲ್ಲಿ ಧಾರಾಳ. ನಾವು ಮಾತ್ರ ನುಗ್ಗೆಕಾಯಿ ಕೊಯ್ದು ಸೊಪ್ಪನ್ನು ಬಿಡ್ತೇವೆ. ದೋಸೆ ಹಿಟ್ಟಿಗೆ ಒಂದು ಮುಷ್ಟಿ ಹಾಕಿದರೆ ಮಕ್ಕಳು ತಕರಾರಿಲ್ಲದೆ ತಿಂತಾರೆ.

ಆಟಿಯಲ್ಲಿ ಹಿರಿಯರು ತಜಂಕು, ತಿಮರೆ, ಕೆಸುವಿನ ಎಲೆಯ ಪತ್ರೊಡೆ ಅಂತ ಮಾಡ್ತಿದ್ದದ್ದು ಸುಮ್ಮನೆ ಅಲ್ಲ. ಮಳೆಗಾಲದಲ್ಲಿ ಕೈಯಲ್ಲಿ ಕಾಸಿಲ್ಲದಾಗ ಭೂಮಿಯೇ ಕೊಡುವ ತರಕಾರಿ ಅದು. ಸೆಪ್ಟೆಂಬರ್ 8ರ ಮೊಂತಿ ಹಬ್ಬದ ದಿನ ಕ್ರೈಸ್ತ ಮನೆಗಳಲ್ಲಿ ಹೊಸ ಅಕ್ಕಿಯ ಊಟಕ್ಕೆ ಐದೋ ಏಳೋ ಬಗೆಯ ತರಕಾರಿ ಮಾಡ್ತೇವೆ. ಹರಿವೆ ದಂಟು, ಬೆಂಡೆ, ಹೀರೆ, ಕೆಸು – ಹೆಚ್ಚಿನದೆಲ್ಲ ಊರಿನದ್ದೇ. ಆಹಾರ ತಜ್ಞರು ದಿನಾ ಹೇಳುವ ತಟ್ಟೆ ಅದುವೇ. ದಿನಾ ಏಳು ಬಗೆ ಬೇಡ, ಒಂದು ಸೊಪ್ಪು ಒಂದು ತರಕಾರಿ ಇದ್ದರೂ ಆಯ್ತು.

ಹಣ್ಣಿಗೂ ಅಷ್ಟೆ. ಸಿ ಜೀವಸತ್ವದಲ್ಲಿ ಪೇರಳೆಯ ಹತ್ತಿರ ಸೇಬು ನಿಲ್ಲುವುದೇ ಇಲ್ಲ. ನೆಲ್ಲಿಕಾಯಿ, ಲಿಂಬೆ, ಪಪ್ಪಾಯಿ ಎಲ್ಲ ಅದೇ ಸಾಲಿನವು. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣ ರಕ್ತಕ್ಕೆ ಸೇರಬೇಕಾದರೆ ಈ ಸಿ ಜೀವಸತ್ವ ಜೊತೆಗಿರಬೇಕು. ಹುರುಳಿ ಪಲ್ಯಕ್ಕೆ ಒಲೆಯಿಂದ ಇಳಿಸಿದ ಮೇಲೆ ಅರ್ಧ ಲಿಂಬೆ ಹಿಂಡಿದರೆ ಆ ಕೆಲಸ ಆಗ್ತದೆ. ಇದಕ್ಕೆ ವಿರುದ್ಧವಾಗಿ ಚಾ ಕಬ್ಬಿಣವನ್ನು ತಡೆಹಿಡಿಯುತ್ತದೆ. ಬೀಡಿ ಕಟ್ಟುವ ಅಕ್ಕಂದಿರು ಊಟ ಆದ ಕೂಡ್ಲೇ ಒಂದು ಲೋಟ ಚಾ ಕುಡಿದು ಸೂಪಿನ ಮುಂದೆ ಕೂರುವುದನ್ನು ನಾವು ಕಾಣ್ತೇವೆ. ಊಟಕ್ಕೂ ಚಾಕ್ಕೂ ಒಂದು ಗಂಟೆ ಅಂತರ ಇರಲಿ. ಇದಕ್ಕೆ ಪೈಸೆ ಖರ್ಚಿಲ್ಲ. ಅಲ್ಯೂಮಿನಿಯಂ ಬದಲು ಕಬ್ಬಿಣದ ಬಾಣಲೆಯಲ್ಲಿ ಪಲ್ಯ ಮಾಡಿದರೂ ಸ್ವಲ್ಪ ಕಬ್ಬಿಣ ಊಟಕ್ಕೆ ಸೇರುತ್ತದೆ.

ದುಡ್ಡು ಸೋರುವ ಜಾಗ

ಸಂಘದ ಲೆಕ್ಕ ಪುಸ್ತಕ ಬರೆಯುವ ಹಾಗೆಯೇ ಒಂದು ವಾರ ಮನೆಯ ತಿಂಡಿ ಖರ್ಚು ಬರೆದು ನೋಡಿ. 10 ರೂಪಾಯಿಯ ಬಿಸ್ಕತ್ತು ಪ್ಯಾಕೆಟ್ ದಿನಕ್ಕೆ ಎರಡು ಅಂದ್ರೆ ತಿಂಗಳಿಗೆ 600 ರೂಪಾಯಿ. ಒಂದು ಮೊಟ್ಟೆಗೆ 7 ರೂಪಾಯಿ ಅಂತ ಹಿಡಿದರೂ ಆ ಹಣಕ್ಕೆ 85 ಮೊಟ್ಟೆ ಬರ್ತದೆ. ಬಿಸ್ಕತ್ತಿನಲ್ಲಿ ಇರೋದು ಮೈದಾ, ಸಕ್ಕರೆ, ಎಣ್ಣೆ. ಸಂಜೆಗೆ ಬೇಯಿಸಿದ ಕಡಲೆ, ನೆಲಗಡಲೆ ಬೆಲ್ಲ, ಅವಲಕ್ಕಿಗೆ ಕಾಯಿತುರಿ, ಒಂದು ಬಾಳೆಹಣ್ಣು ಕೊಡಬಹುದಲ್ಲ.

ಇನ್ನೊಂದು ದೊಡ್ಡ ಸೋರಿಕೆ ಹಾಲಿಗೆ ಬೆರೆಸುವ ಡಬ್ಬಿ ಪುಡಿಗಳು. ಮಗು ಎತ್ತರ ಆಗ್ತದೆ, ಚುರುಕಾಗ್ತದೆ ಅಂತ ಟಿವಿಯಲ್ಲಿ ಬರ್ತದೆ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಸಕ್ಕರೆ ಎಷ್ಟು ಅಂತ ಬರೆದಿರ್ತದೆ, ಮಕ್ಕಳಿಂದಲೇ ಓದಿಸಿ. 2024ರ ಏಪ್ರಿಲಿನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಇಂತಹ ಪಾನೀಯಗಳನ್ನು 'ಆರೋಗ್ಯ ಪಾನೀಯ' ಎಂಬ ಪಟ್ಟಿಯಿಂದ ತೆಗೆಯುವಂತೆ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತ್ತು. ಅದರ ಬದಲು ರಾಗಿ ಮಣ್ಣಿ ಮಾಡಿ. 100 ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ ಸುಮಾರು 350 ಮಿಲಿ ಗ್ರಾಂ.

ಇದಕ್ಕಿಂತಲೂ ಬೇಸರದ ವಿಷಯ ಒಂದುಂಟು. ದನ ಸಾಕುವ ಮನೆಯಲ್ಲೇ ಹಾಲೆಲ್ಲ ಡೈರಿಗೆ ಹೋಗಿ ಮಕ್ಕಳಿಗೆ ಕಪ್ಪು ಚಾ. ಕೋಳಿ ಸಾಕಿದವರ ಮೊಟ್ಟೆ ಅಂಗಡಿಗೆ, ಆ ದುಡ್ಡಿನಲ್ಲಿ ಬಿಸ್ಕತ್ತು. ಹಣದ ಅಗತ್ಯ ನಮಗೆ ಅರ್ಥವಾಗ್ತದೆ. ಆದರೂ ದಿನಕ್ಕೆ ಅರ್ಧ ಲೀಟರ್ ಹಾಲನ್ನು ಮನೆಗೆ ಅಂತ ಮೊದಲೇ ತೆಗೆದಿಟ್ಟು ಉಳಿದದ್ದನ್ನು ಅಳೆಯಲು ಕೊಂಡುಹೋಗಿ. ಸಂಘದಲ್ಲಿ ಉಳಿತಾಯ ಮೊದಲು, ಖರ್ಚು ಆಮೇಲೆ ಅಂತ ಮಾಡುವುದಿಲ್ಲವೇ, ಹಾಗೆ.

ಕೊನೆಗೆ ಉಣ್ಣುವವಳು

ಗಂಡನಿಗೆ, ಮಕ್ಕಳಿಗೆ, ಅತ್ತೆ-ಮಾವನಿಗೆ ಬಡಿಸಿ, ತಳದಲ್ಲಿ ಉಳಿದ ಸಾರಿಗೆ ಅನ್ನ ಕಲಸಿ ತಿನ್ನುವವರು ನಾವೇ. ಮೀನಿನ ಒಳ್ಳೆಯ ತುಂಡು ನಮ್ಮ ಬಟ್ಟಲಿಗೆ ಬರುವುದು ಅಪರೂಪ. ಮೊದಲು ಹೇಳಿದ 47.8 ಎಂಬ ಸಂಖ್ಯೆಯ ಹಿಂದೆ ಇದೂ ಒಂದು ಕಾರಣ. ತಿಂಗಳು ತಿಂಗಳು ರಕ್ತ ಹೋಗುವ, ಹೆತ್ತು ಹಾಲೂಡಿಸುವ ದೇಹಕ್ಕೆ ಗಂಡಸರಿಗಿಂತ ಹೆಚ್ಚು ಕಬ್ಬಿಣ ಬೇಕು. ಒಲೆಯಿಂದ ಇಳಿಸಿದ ಕೂಡಲೇ ನಿಮ್ಮ ಪಾಲನ್ನು ಒಂದು ತಟ್ಟೆಯಲ್ಲಿ ತೆಗೆದು ಮುಚ್ಚಿಡಿ. ಹೇಳಿದಷ್ಟು ಸುಲಭ ಅಲ್ಲ, ಮನೆಯಲ್ಲಿ ಮಾತು ಬರಬಹುದು. ಹೆಣ್ಣುಮಕ್ಕಳ ತಟ್ಟೆಯಿಂದಾದರೂ ಶುರು ಮಾಡಿ.

ಗರ್ಭಿಣಿ, ಬಾಣಂತಿಯರಿಗೆ 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಿಂದ ಪೌಷ್ಟಿಕ ಊಟದ ವ್ಯವಸ್ಥೆ ಉಂಟು. ನಾಚಿಕೆಯಿಂದಲೋ, ದೂರ ಅಂತಲೋ ಬಿಡುವವರಿದ್ದಾರೆ. ಅದು ದಾನ ಅಲ್ಲ, ನಿಮ್ಮ ಹಕ್ಕು. ಹೆಸರು ಬರೆಸಿಕೊಳ್ಳಿ.

ಸಂಘದಿಂದ ಆಗುವ ಕೆಲಸ ಒಂದನ್ನು ಇಲ್ಲಿ ಹೇಳುತ್ತೇವೆ. ಒಬ್ಬೊಬ್ಬರೇ ಅರ್ಧ ಕಿಲೋ, ಕಾಲು ಕಿಲೋ ತಂದರೆ ಅಂಗಡಿಯ ಚಿಲ್ಲರೆ ದರ. 15 ಮಂದಿ ಸೇರಿ ತಲಾ ಎರಡು ಕಿಲೋ ಹುರುಳಿ, ಎರಡು ಕಿಲೋ ಹೆಸರು ಅಂತ ಮೂಡುಬಿದಿರೆಯಲ್ಲಿ ಒಟ್ಟಿಗೆ ಕೊಂಡರೆ 60 ಕಿಲೋ ಆಯ್ತು, ಸಗಟು ದರ ಕೇಳಬಹುದು. ಬಿಸಿಲಿಗೆ ಒಣಗಿಸಿ ಡಬ್ಬಿಯಲ್ಲಿ ಹಾಕಿಟ್ಟರೆ ಹುಳ ಬೀಳುವುದಿಲ್ಲ. ಹಣವನ್ನು ಉಳಿತಾಯದ ಜೊತೆ ವಾರ ವಾರ ಸ್ವಲ್ಪ ಸ್ವಲ್ಪ ಕಟ್ಟಿಸಿಕೊಳ್ಳಬಹುದು. ಮುಂದಿನ ಸಭೆಗೆ ಬರುವಾಗ ಇಬ್ಬರು ಸದಸ್ಯೆಯರು ಎರಡು ಮೂರು ಅಂಗಡಿಯ ದರ ಕೇಳಿಕೊಂಡು ಬನ್ನಿ. ಮನೆಯಲ್ಲಿ ಹರಿವೆ ಬೀಜ, ಬಸಳೆ ಬಳ್ಳಿ, ನುಗ್ಗೆ ಗೆಲ್ಲು ಇರುವವರು ಇಲ್ಲದವರಿಗೆ ಅಂತ ಒಂದಿಷ್ಟು ಕಟ್ಟಿ ತನ್ನಿ.